ದೈತ್ಯ ಮೀನು ಗಾಳದಿಂದ ತಪ್ಪಿಸಿಕೊಳ್ಳುವುದೇಕೆ?

ಆಳಸಮುದ್ರದಲ್ಲಿ ಮಾರ್ಲಿನ್, ಟ್ಯೂನಾದಂತಹ ದೈತ್ಯ ಮೀನುಗಳಿಗೆ ಗಾಳ ಹಾಕುವ ಕ್ರೀಡೆಯ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಮುಖ್ಯವಾದದ್ದು, ಮೀನಿನ ತೂಕ ತಾಳಲಾರದೆ ದಾರ ಹರಿಯುತ್ತದೆ ಎಂಬುದು. 1953ರ ಆಗಸ್ಟ್ 4ರಂದು ಪೆರು ದೇಶದ ಕಾಬೊ ಬ್ಲಾಂಕೊ ಬಳಿಯ ಕಡಲಿನಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಕಪ್ಪು ಮಾರ್ಲಿನ್ 707 ಕಿಲೋ ತೂಗಿತಾದರೂ, ಅದು ದಾಖಲಾಗಿರುವುದು ಸುಮಾರು 60 ಕಿಲೋ ಎಳೆತಕ್ಕೆ ಹರಿಯುವ ದಾರದ ವರ್ಗದಲ್ಲಿ. ಮೀನಿನ ಭಾರದ ಬಹುಪಾಲನ್ನು ನೀರೇ ಹೊರುವುದರಿಂದ ದಾರಕ್ಕೆ ತಟ್ಟುವುದು ಅದರ ತೂಕವಲ್ಲ, ಈಜುವ ರಭಸ. ಆ ರಭಸವನ್ನು ಮಿತಿಯಲ್ಲಿಡುವುದು ಡ್ರ್ಯಾಗ್, ಅಂದರೆ ಎಳೆತ ಗೊತ್ತುಪಡಿಸಿದ ಮಟ್ಟವನ್ನು ಮೀರಿದೊಡನೆ ದಾರವನ್ನು ಬಿಟ್ಟುಕೊಡುವಂತೆ ರೀಲಿನೊಳಗೆ ಅಳವಡಿಸಿದ ಘರ್ಷಣೆಯ ಬ್ರೇಕು. ಇದನ್ನು ಸಾಮಾನ್ಯವಾಗಿ ದಾರದ ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕೆ ಹೊಂದಿಸಲಾಗುತ್ತದೆ.

ಮೀನು ದೂರ ಓಡಿದಷ್ಟೂ ಈ ಬ್ರೇಕನ್ನು ಬಿಗಿಗೊಳಿಸಬೇಕೆಂಬುದು ಇನ್ನೊಂದು ನಂಬಿಕೆ. ಕೈಗೆ ಬಂದ ದೊಡ್ಡ ಮೀನನ್ನು ಕಳೆದುಕೊಳ್ಳಲು ಇದಕ್ಕಿಂತ ಖಚಿತವಾದ ದಾರಿ ವಿರಳ. ದಾರ ಹೊರಹೋದಂತೆ ರೀಲಿನಲ್ಲಿ ಉಳಿದ ಸುತ್ತುಗಳ ವ್ಯಾಸ ಕಿರಿದಾಗುತ್ತದೆ, ವ್ಯಾಸ ಅರ್ಧಕ್ಕಿಳಿದಾಗ ಅದೇ ಬ್ರೇಕನ್ನು ಜಾರಿಸಲು ಎರಡು ಪಟ್ಟು ಎಳೆತ ಬೇಕಾಗುತ್ತದೆ. ಹೀಗೆ 20 ಕಿಲೋಗೆ ಹೊಂದಿಸಿದ್ದ ಡ್ರ್ಯಾಗ್, ಯಾರೂ ಮುಟ್ಟದಿದ್ದರೂ, 40 ಕಿಲೋಗೆ ಏರಿರುತ್ತದೆ. ಇದರ ಜೊತೆಗೆ, ಮೀನು ಹಠಾತ್ತನೆ ದಿಕ್ಕು ಬದಲಿಸಿದಾಗ ನೂರಾರು ಮೀಟರ್ ದಾರ ನೀರಿನೊಳಗೆ ಬಿಲ್ಲಿನಂತೆ ಬಾಗಿ ಅಡ್ಡಡ್ಡಲಾಗಿ ಎಳೆಯಲ್ಪಡುತ್ತದೆ, ನೀರಿನ ಆ ಪ್ರತಿರೋಧವೆಲ್ಲ ಮೀನಿನ ಕಡೆಯ ತುದಿಯಲ್ಲಿ ಸೇರಿಕೊಳ್ಳುತ್ತದೆ, ಆದರೆ ಕೋಲು ಹಿಡಿದವರ ಕೈಗೆ ಅದರ ಪೂರ್ಣ ಅರಿವಾಗುವುದಿಲ್ಲ. ಆದಕಾರಣ ನುರಿತವರು ಇಂತಹ ಹೊತ್ತಿನಲ್ಲಿ ಡ್ರ್ಯಾಗ್ ಸಡಿಲಿಸುತ್ತಾರೆ, ದೋಣಿ ನಡೆಸುವವರು ಮೀನಿನ ಹಿಂದೆಯೇ ದೋಣಿಯನ್ನು ಒಯ್ದು ದಾರ ಮರಳಿ ಸುತ್ತಿಕೊಳ್ಳಲು ಅನುವು ಮಾಡಿಕೊಡುತ್ತಾರೆ.

ಮೀನು ದೋಣಿಯ ಪಕ್ಕಕ್ಕೆ ಬಂದರೆ ಗೆದ್ದಂತೆಯೇ ಎಂದೂ ತಿಳಿಯಲಾಗುತ್ತದೆ. ವಾಸ್ತವದಲ್ಲಿ ಆಗ ಹೊರಗಿರುವ ದಾರ ಗಿಡ್ಡವಾದ್ದರಿಂದ ಹಿಗ್ಗಿ ಜಗ್ಗನ್ನು ತಾಳಿಕೊಳ್ಳುವ ಅದರ ಗುಣ ಬಹುತೇಕ ಇಲ್ಲವಾಗಿರುತ್ತದೆ, ಗಂಟೆಗಟ್ಟಲೆ ಎಳೆದಾಟದಲ್ಲಿ ಗಾಳ ಚುಚ್ಚಿದ ತೂತು ಅಗಲಗೊಂಡಿರುತ್ತದೆ. ಮೀನಿನ ಒರಟು ದವಡೆಗೆ ಸವೆಯದಂತೆ ಗಾಳಕ್ಕೆ ಜೋಡಿಸಿದ ದಪ್ಪ ದಾರವಾದ ಲೀಡರನ್ನು ಸಹಾಯಕರು ಕೈಗವಸು ತೊಟ್ಟು ಹಿಡಿಯುತ್ತಿದ್ದಂತೆ ಮೀನು ಒಮ್ಮೆ ತಲೆ ಕೊಡವಿದರೂ ಸಾಕು, ಗಾಳ ಕಳಚಿಕೊಳ್ಳುತ್ತದೆ. ಶಾರ್ಕ್‌ಗಳು ಕಚ್ಚಿ ಮಾಂಸ ಹರಿದ ಮೀನನ್ನು ದೋಣಿಗೆ ಎಳೆದುಕೊಂಡರೂ ಅದು ದಾಖಲೆಗೆ ಸಲ್ಲದು. 1939ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಕ್ರೀಡಾ ಮೀನುಗಾರಿಕೆ ಸಂಘದ ನಿಯಮ ಅಂಥದನ್ನು ಅನರ್ಹಗೊಳಿಸುತ್ತದೆ.

ತಪ್ಪಿಸಿಕೊಂಡ ಇಲ್ಲವೇ ಬಿಟ್ಟುಬಿಟ್ಟ ಮೀನು ಹೇಗೂ ಸಾಯುತ್ತದೆ ಎಂಬ ಮಾತೂ ಪೂರ್ಣ ನಿಜವಲ್ಲ. ಬಿಟ್ಟುಬಿಟ್ಟ ಮಾರ್ಲಿನ್‌ಗಳಿಗೆ ಉಪಗ್ರಹದ ಮೂಲಕ ಜಾಡು ತಿಳಿಸುವ ಟ್ಯಾಗ್‌ಗಳನ್ನು ಅಳವಡಿಸಿ ನಡೆಸಿದ ಅಧ್ಯಯನಗಳಲ್ಲಿ ಹೆಚ್ಚಿನವು ಬದುಕಿಕೊಂಡದ್ದು ತಿಳಿದುಬಂದಿದೆ. ನುಂಗಿದ ಗಾಳ ಒಳಗೆ ಗಾಯ ಮಾಡಿದಾಗ ಮಾತ್ರ ಅಪಾಯ ಹೆಚ್ಚು. ಮೊನೆ ಒಳಮುಖವಾಗಿ ಬಾಗಿರುವ ವೃತ್ತಾಕಾರದ ಗಾಳ ಬಹುಮಟ್ಟಿಗೆ ದವಡೆಯ ಮೂಲೆಯಲ್ಲೇ ನಾಟುವುದರಿಂದ ಅದರ ಬಳಕೆಗೆ ಪ್ರೋತ್ಸಾಹ ದೊರೆಯುತ್ತಿರುವುದು ಸರಿಯಾಗಿಯೇ ಇದೆ. ನೀಲಿ ಮತ್ತು ಕಪ್ಪು ಮಾರ್ಲಿನ್‌ಗಳಲ್ಲಿ ಅತಿ ದೊಡ್ಡವೆಲ್ಲ ಹೆಣ್ಣುಗಳೇ, ಗಂಡುಗಳು ಆ ಗಾತ್ರಕ್ಕೆ ಬೆಳೆಯುವುದೇ ಇಲ್ಲ. ಹಾಗಾಗಿ ಮೊಟ್ಟೆಯಿಟ್ಟು ಸಂತತಿ ಬೆಳೆಸುವ ಇಂಥ ದೈತ್ಯ ಮೀನನ್ನು ಬಿಡಲೇಬೇಕಾಗಿ ಬಂದಾಗ, ಉದ್ದನೆಯ ದಾರವನ್ನು ಎಳೆದುಕೊಂಡು ಅದು ಬಳಲದಂತೆ, ಗಾಳಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರದಲ್ಲಿ ದಾರವನ್ನು ಕತ್ತರಿಸುವುದು ಅಗತ್ಯ.