ಒಥೆಲೋನ ಹೆಸರು ಕೇಳಿಬರುವುದು ಯಾವಾಗ?

ಇಂಗ್ಲೆಂಡಿನಲ್ಲಿ ಹದಿನಾರನೆಯ ವಯಸ್ಸಿಗೆ ಜಿ.ಸಿ.ಎಸ್.ಇ. ಪರೀಕ್ಷೆ ಮುಗಿಸಿದವರು ಮುಂದಿನ ಎರಡು ವರ್ಷ ಓದುವ ಹಂತಕ್ಕೆ ‘ಸಿಕ್ಸ್ತ್ ಫಾರಂ’ ಎಂದು ಹೆಸರು. ನಮ್ಮ ಪಿ.ಯು.ಸಿ.ಗೆ ಹೆಚ್ಚುಕಡಿಮೆ ಸಮ ಎನ್ನಿ. ಆದರೆ ಅಲ್ಲಿ ಕಲೆ, ವಿಜ್ಞಾನ, ವಾಣಿಜ್ಯ ಎಂಬ ಬೇಲಿಗಳಿಲ್ಲ. ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಂಡು, 1951ರಲ್ಲಿ ಆರಂಭವಾದ ‘ಎ ಲೆವೆಲ್’ ಪರೀಕ್ಷೆಗೆ ಓದುತ್ತಾರೆ. ಗಣಿತ, ಭೌತಶಾಸ್ತ್ರಗಳ ಜೊತೆಗೇ ಇಂಗ್ಲಿಷ್ ಸಾಹಿತ್ಯವನ್ನೂ ತೆಗೆದುಕೊಳ್ಳಬಹುದು. ವಿಜ್ಞಾನ ಓದಿ ಬಂದ ನನಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸಂಗತಿಯೇ!

2015ರಿಂದ ಜಾರಿಗೆ ಬಂದ ಪಠ್ಯಕ್ರಮದಂತೆ ಕನಿಷ್ಠ ಎಂಟು ಕೃತಿಗಳನ್ನು ಓದಬೇಕು. ಮೂರು 1900ಕ್ಕಿಂತ ಹಿಂದಿನವು. ಅವುಗಳಲ್ಲಿ ಒಂದು ಷೇಕ್ಸ್‌ಪಿಯರನದು. ಒಂದಾದರೂ 2000ದ ನಂತರದ್ದು. ಶೇಕಡಾ 20ರಷ್ಟು ಅಂಕ ಶಾಲೆಯಲ್ಲೇ ಸಿದ್ಧಪಡಿಸುವ ಪ್ರಬಂಧಕ್ಕೆ, ಉಳಿದದ್ದು ಎರಡು ವರ್ಷದ ಕೊನೆಯ ಪರೀಕ್ಷೆಗೆ. ಕೆಲವು ಪತ್ರಿಕೆಗಳಿಗೆ, ಏನೂ ಗುರುತು ಹಾಕದ ಪುಸ್ತಕವನ್ನು ಪರೀಕ್ಷಾ ಕೊಠಡಿಗೇ ಒಯ್ಯಬಹುದು. ಪುಸ್ತಕ ಕೈಯಲ್ಲಿದ್ದರೆ ಪರೀಕ್ಷೆ ಸುಲಭವಲ್ಲವೆ ಎನ್ನುತ್ತೀರಾ? ಕಷ್ಟ ಶುರುವಾಗುವುದೇ ಅಲ್ಲಿ. ಕಥೆ ಏನೆಂದು ಯಾರೂ ಕೇಳುವುದಿಲ್ಲ.

ಒಂದು ಉದಾಹರಣೆ ನೋಡೋಣ. ಅಲ್ಲಿ ಆಗಾಗ ಪಠ್ಯವಾಗುವ ನಾಟಕ ‘ಒಥೆಲೋ’. ಮೊದಲ ದೃಶ್ಯದಲ್ಲಿ ರಾತ್ರಿ ಹೊತ್ತು ವೆನಿಸ್ ನಗರದ ಬೀದಿಯಲ್ಲಿ ಇಯಾಗೋ ಮತ್ತು ಅವನ ಜೊತೆಗಾರ ಯಾರೋ ಒಬ್ಬನನ್ನು ಬೈಯುತ್ತಿದ್ದಾರೆ. ‘ಮೂರ್’ ಎನ್ನುತ್ತಾರೆ, ತುಟಿಯನ್ನು ಹೀಯಾಳಿಸುತ್ತಾರೆ, ಪ್ರಾಣಿಗೆ ಹೋಲಿಸುತ್ತಾರೆ. ಎರಡನೆಯ ದೃಶ್ಯದಲ್ಲಿ ಆ ಮನುಷ್ಯನೇ ಬಂದು ನಿಲ್ಲುತ್ತಾನೆ; ಆಗಲೂ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ನಾಟಕದ ಶೀರ್ಷಿಕೆಯಲ್ಲಿ ಹೆಸರಿದೆ ನಿಜ, ಆದರೆ ರಂಗದ ಮೇಲೆ ಅದು ಮೊದಲು ಕೇಳಿಬರುವುದು ಮೂರನೆಯ ದೃಶ್ಯದಲ್ಲಿ. ತುರ್ಕರ ವಿರುದ್ಧ ಯುದ್ಧಕ್ಕೆ ಅವನ ಸಹಾಯ ಬೇಕಾದ ವೆನಿಸ್‌ನ ದೊರೆಯ ಬಾಯಲ್ಲಿ! ದೂರದರ್ಶನದಲ್ಲಿ ಅತಿಥಿ ಬಾಯಿ ತೆರೆಯುವ ಮುನ್ನವೇ ನಾವು ಪರದೆಯ ಕೆಳಗೆ ಹೆಸರು ತೋರಿಸಿಬಿಡುತ್ತೇವೆ. ಷೇಕ್ಸ್‌ಪಿಯರ್ ಅದನ್ನು ಎರಡು ದೃಶ್ಯಗಳಷ್ಟು ಕಾಲ ತಡೆದಿಟ್ಟಿದ್ದಾನೆ.

ಏಕೆ? ಸಿಕ್ಸ್ತ್ ಫಾರಂನ ಓದು ಎಂದರೆ ಈ ‘ಏಕೆ’. ಶತ್ರುವಿನ ಮಾತು ಮೊದಲು ಕೇಳಿಸಿ, ಆಮೇಲೆ ಶಾಂತನಾದ ಮನುಷ್ಯನನ್ನು ತೋರಿಸಿದರೆ ನಮಗೆ ಇಯಾಗೋನ ಮೇಲೆಯೇ ಸಂಶಯ ಹುಟ್ಟುತ್ತದೆ ಎಂದು ನೀವು ವಾದಿಸಬಹುದು. ಕೆಲಸ ಬಿದ್ದಾಗ ಮಾತ್ರ ಹೊರಗಿನವನಿಗೆ ಹೆಸರು ಸಿಗುತ್ತದೆ ಎಂದೂ ವಾದಿಸಬಹುದು. ಯಾವುದೇ ಆಗಲಿ, ನಾಟಕದ ಮಾತಿನಿಂದಲೇ ಆಧಾರ ಕೊಡಬೇಕು. ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ವೀಕ್ಷಣೆ ಮೊದಲು, ತೀರ್ಮಾನ ಆಮೇಲೆ ತಾನೆ? ಇಲ್ಲಿಯೂ ಹಾಗೆಯೇ.

ವಿಮರ್ಶಕರ ಅಭಿಪ್ರಾಯಗಳೂ ಬೇಕು, ಆದರೆ ಬಾಯಿಪಾಠಕ್ಕಲ್ಲ. ಎ.ಸಿ. ಬ್ರಾಡ್ಲಿ 1904ರಲ್ಲಿ ಒಥೆಲೋನನ್ನು ಉದಾತ್ತ ನಾಯಕನೆಂದೂ ಇಯಾಗೋನ ಕುಟಿಲತೆಗೆ ಬಲಿಯಾದವನೆಂದೂ ಕಂಡರು. 1937ರಲ್ಲಿ ಎಫ್.ಆರ್. ಲೀವಿಸ್ ಇದನ್ನು ಒಪ್ಪದೆ, ದೋಷ ಒಥೆಲೋನ ಆತ್ಮಮೋಹದಲ್ಲೇ ಇದೆ ಎಂದರು. ಪ್ರಶ್ನೆಪತ್ರಿಕೆ ಇಂಥದೊಂದು ಅಭಿಪ್ರಾಯವನ್ನು ಮುಂದಿಟ್ಟು ‘ನೀವೇನು ಹೇಳುತ್ತೀರಿ?’ ಎಂದು ಕೇಳುತ್ತದೆ. ಗೈಡುಗಳು ಅಲ್ಲಿಯೂ ಧಾರಾಳವಾಗಿ ಸಿಗುತ್ತವೆ. ಅವು ಲೀವಿಸ್ ಹೇಳಿದ್ದನ್ನು ತಿಳಿಸಬಲ್ಲವು. ನಿಮಗೆ ಅನ್ನಿಸಿದ್ದನ್ನು ತಿಳಿಸಲಾರವು.

ಹಿಂದೆಂದೂ ಓದದ ಬರಹವೊಂದನ್ನು ಎದುರಿಗಿಟ್ಟು ವಿಶ್ಲೇಷಿಸಲು ಹೇಳುವ ಭಾಗವೂ ಇದೆ. ಇದರ ಹಿಂದೆ ಒಂದು ಸ್ವಾರಸ್ಯವಾದ ಪ್ರಯೋಗವುಂಟು. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ 1920ರ ದಶಕದಲ್ಲಿ ಕವಿಯ ಹೆಸರು ತೆಗೆದುಹಾಕಿದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅನ್ನಿಸಿದ್ದನ್ನು ಬರೆದುಕೊಡಲು ಹೇಳಿದರು. ಹದಿಮೂರು ಪದ್ಯಗಳ ಮೇಲಿನ ಆ ಉತ್ತರಗಳನ್ನು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥದಲ್ಲಿ ಪರಿಶೀಲಿಸಿದರು. ಹೆಸರಿನ ಆಸರೆ ಇಲ್ಲದಾಗ ಜಾನ್ ಡನ್‌ನಂಥ ಕವಿಯ ಪದ್ಯವೂ ಹಲವರಿಗೆ ರುಚಿಸಿರಲಿಲ್ಲ!

ನಮ್ಮಲ್ಲಿ ಬಸವಪ್ಪ ಶಾಸ್ತ್ರಿಗಳು ‘ಒಥೆಲೋ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದಿದ್ದಾರೆ. ಗ್ರಂಥಾಲಯದಲ್ಲಿ ಎರಡೂ ಸಿಕ್ಕಿದರೆ ಮೊದಲ ದೃಶ್ಯಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ನಾಯಕನನ್ನು ಯಾರು, ಯಾವ ಮಾತಿನಿಂದ ಕರೆಯುತ್ತಾರೆ ಎಂದು ಪೆನ್ಸಿಲಿನಲ್ಲಿ ಪಟ್ಟಿ ಮಾಡಿ ನೋಡಿ.