ವಿದ್ಯುತ್ ಬೈಸಿಕಲ್ಲಿನ ನಿಯಂತ್ರಕ

ವಿದ್ಯುಚ್ಛಕ್ತಿಯಿಂದ ನಡೆಯುವ ಬೈಸಿಕಲ್ಲುಗಳು ಈಗ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿಯೂ ಕೆಲವರು ಅವನ್ನು ಏರಿ ಬರುತ್ತಾರೆ. ಇವುಗಳ ಒಡೆಯರು ಭೌತಶಾಸ್ತ್ರದ ಅಧ್ಯಾಪಕನನ್ನು ಕಂಡಾಗ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಮೋಟಾರು ಇದ್ದಕ್ಕಿದ್ದಂತೆ ನಿಂತುಹೋಗಿದೆ, ಅಂಗಡಿಯವರು ಕಂಟ್ರೋಲರನ್ನು ಬದಲಾಯಿಸಬೇಕೆನ್ನುತ್ತಾರೆ, ಇದು ನಿಜವೇ ಎಂಬುದು ಮೊದಲನೆಯದು. ಗಂಟೆಗೆ 25 ಕಿಲೋಮೀಟರು ಮುಟ್ಟಿದೊಡನೆ ಮೋಟಾರು ಕೈಬಿಡುತ್ತದೆ, ಹೊಸ ಕಂಟ್ರೋಲರನ್ನು ಹಾಕಿ ಈ ಕಟ್ಟನ್ನು ಬಿಚ್ಚಬಾರದೇಕೆ ಎಂಬುದು ಎರಡನೆಯದು. ಎರಡು ಪ್ರಶ್ನೆಗಳೂ ಬಂಡಿಯ ಚೌಕಟ್ಟಿಗೆ ಬಿಗಿದಿರುವ, ಸಾಬೂನಿನ ಡಬ್ಬಿಯಷ್ಟು ಗಾತ್ರದ ಒಂದು ಲೋಹದ ಪೆಟ್ಟಿಗೆಗೆ ಸಂಬಂಧಿಸಿದವು. ಅದನ್ನು ನಿಯಂತ್ರಕವೆಂದು ಕರೆಯೋಣ. ಅದರ ಕೆಲಸವನ್ನು ತಿಳಿಯಬೇಕಾದರೆ ಮೊದಲು ಮೋಟಾರನ್ನು ನೋಡಬೇಕು.

ಶಾಲೆಯ ಪುಸ್ತಕದಲ್ಲಿ ನಾವು ಓದಿದ ಮೋಟಾರಿನಲ್ಲಿ ಕಾಂತವು ನಿಂತಿರುತ್ತದೆ, ತಂತಿಯ ಸುರುಳಿ ತಿರುಗುತ್ತದೆ. ಅರ್ಧ ಸುತ್ತಿಗೊಮ್ಮೆ ಪ್ರವಾಹದ ದಿಕ್ಕನ್ನು ಬದಲಾಯಿಸಲು ಸೀಳಿದ ಉಂಗುರವೂ ಇಂಗಾಲದ ಕುಂಚಗಳೂ ಇರುತ್ತವೆ. ಬೈಸಿಕಲ್ಲಿನ ಚಕ್ರದ ಗುಂಬದಲ್ಲಿ ಅಡಗಿರುವ ಮೋಟಾರಿನಲ್ಲಿ ಇದು ತಿರುಗುಮುರುಗಾಗಿದೆ. ಇಲ್ಲಿ ಸುರುಳಿಗಳು ಅಚ್ಚಿಗೆ ಅಂಟಿಕೊಂಡು ನಿಂತಿರುತ್ತವೆ. ಅವುಗಳ ಸುತ್ತ ಕಾಂತಗಳ ಬಳೆಯೊಂದು ತಿರುಗುತ್ತದೆ. ಕುಂಚಗಳಿಲ್ಲ, ಆದುದರಿಂದ ಸವೆತವೂ ಇಲ್ಲ. ಆದರೆ ಕುಂಚಗಳು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಲೇಬೇಕಷ್ಟೆ? ಆ ಹೊಣೆ ನಿಯಂತ್ರಕದ್ದು.

ಸುರುಳಿಗಳನ್ನು ಮೂರು ಗುಂಪು ಮಾಡಿ ಮೂರು ದಪ್ಪ ತಂತಿಗಳನ್ನು ಹೊರಕ್ಕೆ ತಂದಿರುತ್ತಾರೆ. ನಿಯಂತ್ರಕದ ಒಳಗೆ ಆರು ಟ್ರಾನ್ಸಿಸ್ಟರುಗಳು ಸ್ವಿಚ್ಚುಗಳಂತೆ ಕೆಲಸ ಮಾಡುತ್ತವೆ. ಪ್ರತಿಯೊಂದು ದಪ್ಪ ತಂತಿಗೂ ಎರಡೆರಡು; ಒಂದು ಅದನ್ನು ಬ್ಯಾಟರಿಯ ಧನಧ್ರುವಕ್ಕೆ, ಇನ್ನೊಂದು ಋಣಧ್ರುವಕ್ಕೆ ಸೇರಿಸುತ್ತದೆ. ಯಾವ ಕ್ಷಣದಲ್ಲಿ ಯಾವ ಸ್ವಿಚ್ಚು ಮುಚ್ಚಬೇಕೆಂಬುದು ಆ ಕ್ಷಣದಲ್ಲಿ ಕಾಂತಗಳು ಎಲ್ಲಿವೆ ಎಂಬುದನ್ನು ಅವಲಂಬಿಸಿದೆ. ಇದನ್ನು ತಿಳಿಸಲು ಮೋಟಾರಿನೊಳಗೆ ಮೂರು ಪುಟ್ಟ ಹಾಲ್ ಸಂವೇದಕಗಳಿವೆ. ಹಾಲ್ ಎಂಬುದು ವ್ಯಕ್ತಿಯ ಹೆಸರು. ಪ್ರವಾಹ ಹರಿಯುತ್ತಿರುವ ತಗಡನ್ನು ಕಾಂತಕ್ಷೇತ್ರದಲ್ಲಿ ಇರಿಸಿದರೆ ಅದರ ಎರಡು ಅಂಚುಗಳ ನಡುವೆ ಅತ್ಯಲ್ಪವಾದ ವೋಲ್ಟೇಜು ಹುಟ್ಟುವುದೆಂದು ಎಡ್ವಿನ್ ಹಾಲ್ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದನು. ಆಗ ಅವನು ಇನ್ನೂ ವಿದ್ಯಾರ್ಥಿಯಾಗಿದ್ದನೆಂಬುದನ್ನು ಈ ಪತ್ರಿಕೆಯ ಎಳೆಯ ವಾಚಕರು ಗಮನಿಸಬೇಕು.

ನೇರವಾಗಿ ಚಕ್ರವನ್ನೇ ತಿರುಗಿಸುವ ಒಂದು ಬಗೆಯ ಮೋಟಾರಿನಲ್ಲಿ 46 ಕಾಂತಗಳು, ಎಂದರೆ 23 ಉತ್ತರ-ದಕ್ಷಿಣ ಜೋಡಿಗಳಿರುತ್ತವೆ. ಒಂದೊಂದು ಜೋಡಿ ದಾಟಿದಾಗಲೂ ಸಂವೇದಕಗಳ ಸಂಕೇತ ಆರು ಬಾರಿ ಬದಲಾಗುತ್ತದೆ. ಚಕ್ರದ ಒಂದು ಸುತ್ತಿಗೆ 138 ಬದಲಾವಣೆಗಳು. 26 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.07 ಮೀಟರು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಅದು ನಿಮಿಷಕ್ಕೆ 201 ಸುತ್ತು ತಿರುಗುವುದರಿಂದ, ಸೆಕೆಂಡಿಗೆ ಸುಮಾರು 460 ಸಲ ನಿಯಂತ್ರಕವು ಸ್ವಿಚ್ಚುಗಳ ಜೋಡಣೆಯನ್ನು ಬದಲಿಸಬೇಕಾಗುತ್ತದೆ. ಇದರ ಜೊತೆಗೆ, ನಾವು ಹಿಡಿಯನ್ನು ಎಷ್ಟು ತಿರುವಿದ್ದೇವೆಯೋ ಅದಕ್ಕೆ ತಕ್ಕಂತೆ ಪ್ರವಾಹವನ್ನು ಸೆಕೆಂಡಿಗೆ ಹಲವು ಸಾವಿರ ಸಲ ಕಡಿದು ಕಡಿದು ಬಿಟ್ಟು, ಮೋಟಾರಿಗೆ ಸಿಗುವ ಸರಾಸರಿ ವೋಲ್ಟೇಜನ್ನು ಏರಿಳಿಸುತ್ತದೆ.

ಇಂಥ ಪೆಟ್ಟಿಗೆ ಕೆಡುವುದೇಕೆ? ನೀರು ಹೊಕ್ಕು ಕೆಡುವುದುಂಟು. ಆದರೆ ಹೆಚ್ಚಾಗಿ ಕೆಡುವುದು ಏರಿನಲ್ಲಿ, ಅದಕ್ಕೆ ಕಾರಣ ಸ್ವಾರಸ್ಯವಾದುದು. ಬ್ಯಾಟರಿಯಿಂದ ಹೊರಡುವ ಪ್ರವಾಹವೂ ಮೋಟಾರಿನೊಳಗೆ ಹರಿಯುವ ಪ್ರವಾಹವೂ ಒಂದೇ ಅಲ್ಲ. 36 ವೋಲ್ಟಿನ ಬಂಡಿಯೊಂದು ಮಡಿಕೇರಿಯಂಥ ಊರಿನ ಕಡಿದಾದ ಏರನ್ನು ಗಂಟೆಗೆ 8 ಕಿಲೋಮೀಟರಿನಂತೆ ಹತ್ತುತ್ತಿದೆಯೆನ್ನೋಣ. ಬ್ಯಾಟರಿ 10 ಆಂಪೇರು ಕೊಡುತ್ತಿದೆ, ಎಂದರೆ 360 ವ್ಯಾಟು. ಆದರೆ ಅಷ್ಟು ನಿಧಾನದಲ್ಲಿ ಮೋಟಾರಿಗೆ ಬೇಕಾದದ್ದು 12 ವೋಲ್ಟು ಮಾತ್ರ. ಸಾಮರ್ಥ್ಯ ಎರಡು ಕಡೆಯೂ ಸಮನಾಗಬೇಕಾದುದರಿಂದ ಸುರುಳಿಗಳಲ್ಲಿಯೂ ಟ್ರಾನ್ಸಿಸ್ಟರುಗಳಲ್ಲಿಯೂ ಹರಿಯುವುದು 30 ಆಂಪೇರು! ಸುರುಳಿಗಳ ರೋಧವನ್ನು 0.1 ಓಮ್ ಎಂದಿಟ್ಟುಕೊಂಡರೆ ಅವುಗಳಲ್ಲಿಯೇ 90 ವ್ಯಾಟು ಶಾಖವಾಗಿ ಹೋಗುತ್ತದೆ. ಸಮನೆಲದಲ್ಲಿ 25 ಕಿಲೋಮೀಟರು ವೇಗದಿಂದ ಓಡುವಾಗ ಇದೇ ಮೋಟಾರಿನಲ್ಲಿ ಸುಮಾರು ಆರೂವರೆ ಆಂಪೇರು ಹರಿದು, 4 ವ್ಯಾಟಿನಷ್ಟು ಮಾತ್ರ ಶಾಖ ಹುಟ್ಟುತ್ತದೆ. ಸವಾರನಿಗೆ ನಿಧಾನವಾಗಿ ಏರುವುದು ಸೌಮ್ಯವೆಂದು ತೋರಬಹುದು. ಯಂತ್ರಕ್ಕೆ ಅದೇ ಘೋರ ದುಡಿಮೆ. ಏರಿನಲ್ಲಿ ಒಂದಿಷ್ಟು ಪೆಡಲು ತುಳಿದು ನೆರವಾಗುವುದು ಜಾಣತನ.

ನಿಯಂತ್ರಕ ಕೆಟ್ಟಿದೆಯೆಂದು ತಿಳಿಯಲು ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಬ್ಯಾಟರಿಯನ್ನು ಕಳಚಿ ಚಕ್ರವನ್ನು ಕೈಯಿಂದ ತಿರುಗಿಸಿ. ಹಲ್ಲುಚಕ್ರಗಳುಳ್ಳ ಮೋಟಾರಾದರೆ ಹಿಂದಕ್ಕೆ ತಿರುಗಿಸಬೇಕು, ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟಾರು ಚಲಿಸುವುದಿಲ್ಲ. ಚಕ್ರವು ಯಾರೋ ತಡೆತಡೆದು ಹಿಡಿದಂತೆ ಬಿಗಿಯಾಗಿ ತಿರುಗಿದರೆ, ಮೂರು ದಪ್ಪ ತಂತಿಗಳನ್ನು ನಿಯಂತ್ರಕದಿಂದ ಬಿಡಿಸಿ, ಅವು ಒಂದಕ್ಕೊಂದು ತಾಗದಂತೆ ಇರಿಸಿ ಮತ್ತೆ ತಿರುಗಿಸಿ. ಈಗ ಸರಾಗವಾಗಿ ತಿರುಗಿದರೆ ಒಂದು ಅಥವಾ ಹೆಚ್ಚು ಟ್ರಾನ್ಸಿಸ್ಟರುಗಳು ಸುಟ್ಟು ಬೆಸೆದುಹೋಗಿವೆಯೆಂದೇ ತಿಳಿಯಬೇಕು. ಬೆಸೆದ ಟ್ರಾನ್ಸಿಸ್ಟರುಗಳ ಮೂಲಕ ಸುರುಳಿಗಳು ಮುಚ್ಚಿದ ಮಂಡಲವಾಗುತ್ತವೆ. ತಿರುಗುವ ಕಾಂತಗಳು ಅದರಲ್ಲಿ ಪ್ರವಾಹವನ್ನು ಪ್ರೇರಿಸುತ್ತವೆ. ಆ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. 1834ರಲ್ಲಿ ಲೆನ್ಸ್ ಹೇಳಿದ ನಿಯಮವನ್ನು ಹೀಗೆ ಅಂಗೈಯಲ್ಲಿಯೇ ಅನುಭವಿಸಬಹುದು. ಕಾಲೇಜಿನ ಪ್ರಯೋಗಶಾಲೆಗೆ ಇದಕ್ಕಿಂತ ಅಗ್ಗದ ಪ್ರದರ್ಶನ ಸಿಕ್ಕಲಾರದು.

ಹೊಸ ನಿಯಂತ್ರಕವನ್ನು ಕೊಳ್ಳುವಾಗ ವೋಲ್ಟೇಜು ಮೊದಲು ಹೊಂದಬೇಕು. 36 ವೋಲ್ಟಿನದೆಂದು ಹೇಳುವ ಲಿಥಿಯಂ ಬ್ಯಾಟರಿಯಲ್ಲಿ ಹತ್ತು ಕೋಶಗಳು ಸಾಲಾಗಿರುತ್ತವೆ. ಪೂರ್ತಿ ತುಂಬಿದಾಗ ಅದರ ವೋಲ್ಟೇಜು 42. ಕೋಶಗಳು ಅತಿಯಾಗಿ ಬರಿದಾಗಿ ಕೆಡಬಾರದೆಂದು ನಿಯಂತ್ರಕವು 31 ವೋಲ್ಟಿನ ಸುಮಾರಿಗೆ ಪ್ರವಾಹವನ್ನು ನಿಲ್ಲಿಸುತ್ತದೆ. 48 ವೋಲ್ಟಿನ ನಿಯಂತ್ರಕವನ್ನು ಇದಕ್ಕೆ ಜೋಡಿಸಿದರೆ, ಅದು ತುಂಬಿದ ಬ್ಯಾಟರಿಯನ್ನೇ ಬರಿದಾದುದೆಂದು ಭ್ರಮಿಸಿ ಬೇಗನೆ ನಿಂತುಬಿಡುತ್ತದೆ. ಪ್ರವಾಹದ ಮಿತಿಯೂ ಹೊಂದಬೇಕು. 15 ಆಂಪೇರು ಕೊಡಲೆಂದು ಕಟ್ಟಿದ ಬ್ಯಾಟರಿಯಿಂದ 30 ಆಂಪೇರು ಎಳೆಯುವ ನಿಯಂತ್ರಕವನ್ನು ಹಾಕುವುದು ಅಪಾಯ. ಸುರುಳಿಗಳ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಸುರುಳಿಗಳಲ್ಲಿ ಪ್ರವಾಹ ಇಮ್ಮಡಿಯಾದರೆ ಮೇಲಿನ ಏರಿನಲ್ಲಿ 90 ವ್ಯಾಟಿದ್ದ ಶಾಖ 360 ವ್ಯಾಟಾಗುತ್ತದೆ. ಗಾಳಿಯಾಡದ ಗುಂಬದೊಳಗಿಂದ ಅದು ಹೋಗುವುದಾದರೂ ಎಲ್ಲಿಗೆ?

ಇನ್ನು ತಂತಿಗಳ ಜೋಡಣೆ. ಮೊದಲು ಬ್ಯಾಟರಿಯನ್ನು ಕಳಚಿ ಸ್ವಲ್ಪ ಹೊತ್ತು ಬಿಡಬೇಕು. ನಿಯಂತ್ರಕದ ಕೆಪಾಸಿಟರುಗಳಲ್ಲಿ ಆವೇಶ ಉಳಿದಿರುತ್ತದೆ. ಮೂರು ದಪ್ಪ ತಂತಿಗಳೂ ಮೂರು ಹಾಲ್ ಸಂಕೇತದ ತಂತಿಗಳೂ ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ ಬಣ್ಣಗಳಲ್ಲಿರುತ್ತವೆ. ಬಣ್ಣಕ್ಕೆ ಬಣ್ಣ ಸೇರಿಸಿದರಾಯಿತೆಂದು ತೋರುತ್ತದೆ, ಆದರೆ ಬೇರೆ ಬೇರೆ ತಯಾರಕರ ಬಣ್ಣಗಳು ಒಂದೇ ಕ್ರಮವನ್ನು ಸೂಚಿಸಬೇಕೆಂಬ ಕಟ್ಟಳೆಯಿಲ್ಲ. ಒಟ್ಟು 36 ವಿಧದ ಜೋಡಣೆಗಳು ಸಾಧ್ಯ. ಅವುಗಳಲ್ಲಿ ಆರು ಮಾತ್ರ ಸರಿ, ಆ ಆರರಲ್ಲಿಯೂ ಮೂರು ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತವೆ. ತಪ್ಪು ಜೋಡಣೆಯಲ್ಲಿ ಮೋಟಾರು ನಡುಗುತ್ತ, ಗುರುಗುಟ್ಟುತ್ತ ಬಹಳ ಪ್ರವಾಹವನ್ನು ನುಂಗುತ್ತದೆ. ಆದುದರಿಂದ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಹಿಡಿಯನ್ನು ಅತಿ ಸ್ವಲ್ಪವೇ ತಿರುವಿ, ಒಂದೆರಡು ಕ್ಷಣ ಮಾತ್ರ ಪರೀಕ್ಷಿಸಬೇಕು. ಸರಿಯಾದ ಜೋಡಣೆಯನ್ನು ತಾವಾಗಿಯೇ ಕಲಿತುಕೊಳ್ಳುವ ನಿಯಂತ್ರಕಗಳೂ ಈಗ ದೊರೆಯುತ್ತವೆ. ಬ್ರೇಕು ಹಿಡಿದಾಗ ಮೋಟಾರಿನ ಪ್ರವಾಹವನ್ನು ಕಡಿಯುವ ತಂತಿಯನ್ನು ಕೆಲವರು ತೊಡಕೆಂದು ಜೋಡಿಸದೆ ಬಿಡುತ್ತಾರೆ. ಇದು ತರವಲ್ಲ. ಹಿಡಿಯ ತಂತಿಯೊಂದು ತುಂಡಾದರೆ ಪೂರ್ಣವೇಗದ ಸಂಕೇತವೇ ನಿಯಂತ್ರಕಕ್ಕೆ ಹೋಗಬಹುದು. ಆಗ ಸವಾರನನ್ನು ಕಾಯುವುದು ಈ ತಂತಿಯೇ.

ಈಗ ವೇಗಮಿತಿಯ ಮಾತು. ನಿಯಂತ್ರಕಕ್ಕೆ ಚಕ್ರದ ವೇಗ ತಿಳಿದೇ ಇದೆ. ಎರಡು ಸಂಕೇತಗಳ ನಡುವಣ ಕಾಲವನ್ನು ಎಣಿಸಿದರೆ ಸಾಕು. ಆ ವೇಗವು ಅದರ ಸ್ಮೃತಿಯಲ್ಲಿ ಬರೆದಿಟ್ಟ ಸಂಖ್ಯೆಯನ್ನು ಸಮೀಪಿಸಿದಾಗ ಅದು ಪ್ರವಾಹವನ್ನು ಕುಗ್ಗಿಸುತ್ತದೆ. ಮಿತಿಯೆಂದರೆ ಇಷ್ಟೆ, ಒಂದು ಸಂಖ್ಯೆ. ಅನೇಕ ಬಂಡಿಗಳಲ್ಲಿ ಅದನ್ನು ಹ್ಯಾಂಡಲಿನ ಮೇಲಿರುವ ಫಲಕದ ಗುಂಡಿಗಳಿಂದಲೇ ಬದಲಾಯಿಸಬಹುದು. ಹಾಗಾದರೆ 25ನ್ನು ಅಳಿಸಿ 40 ಎಂದು ಬರೆದರೆ ಬಂಡಿ 40ರಲ್ಲಿ ಓಡುವುದೇ?

ಓಡುವುದಿಲ್ಲ. ತಿರುಗುವ ಮೋಟಾರು ಅದೇ ಕಾಲದಲ್ಲಿ ಡೈನಮೋ ಕೂಡ ಆಗಿರುತ್ತದೆ. ವೇಗಕ್ಕೆ ಅನುಗುಣವಾಗಿ ಬ್ಯಾಟರಿಗೆ ಎದುರಾದ ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ನಮ್ಮ ಉದಾಹರಣೆಯ ಮೋಟಾರು 25 ಕಿಲೋಮೀಟರಿನಲ್ಲಿ 28 ವೋಲ್ಟಿನಷ್ಟು ಎದುರು ವೋಲ್ಟೇಜನ್ನೂ 32ರಲ್ಲಿ ಪೂರ್ತಿ 36 ವೋಲ್ಟನ್ನೂ ಹುಟ್ಟಿಸುತ್ತದೆ. ಅಲ್ಲಿಗೆ ಬ್ಯಾಟರಿಯ ಬಲವೂ ಮೋಟಾರಿನ ಪ್ರತಿಬಲವೂ ಸಮವಾಗಿ ಪ್ರವಾಹ ನಿಂತುಹೋಗುತ್ತದೆ. ಆದುದರಿಂದ ಫಲಕದಲ್ಲಿ 40 ಎಂದಿರಲಿ, 99 ಎಂದಿರಲಿ, ಬಂಡಿ 30ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನನ್ನ ವಿದ್ಯಾರ್ಥಿಯೊಬ್ಬನು ಈ ಲೆಕ್ಕವನ್ನು ಕೇಳಿ, ಹಾಗಾದರೆ 48 ವೋಲ್ಟಿನ ಬ್ಯಾಟರಿಯನ್ನೂ ಅದಕ್ಕೆ ತಕ್ಕ ನಿಯಂತ್ರಕವನ್ನೂ ಹಾಕಿದರೆ ಆಯಿತಲ್ಲ ಎಂದನು. ಭೌತಶಾಸ್ತ್ರದ ದೃಷ್ಟಿಯಿಂದ ಅವನ ಮಾತು ಸರಿ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನೂ ಭೌತಶಾಸ್ತ್ರವೇ ಹೇಳುತ್ತದೆ.

ಸವಾರನೂ ಬಂಡಿಯೂ ಸೇರಿ 100 ಕಿಲೋಗ್ರಾಮು ತೂಗುತ್ತವೆನ್ನೋಣ. ಸಮನೆಲದಲ್ಲಿ 25 ಕಿಲೋಮೀಟರು ವೇಗದಲ್ಲಿ ಗಾಳಿಯನ್ನು ಸೀಳಲು ಸುಮಾರು 110 ವ್ಯಾಟು, ಟೈರುಗಳ ಉರುಳುಘರ್ಷಣೆಗೆ 70 ವ್ಯಾಟು, ಒಟ್ಟು 180 ವ್ಯಾಟು ಬೇಕು. ಗಾಳಿಯ ಪಾಲು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 40ರಲ್ಲಿ ಅದೊಂದೇ 450 ವ್ಯಾಟಾಗಿ, ಒಟ್ಟು 560 ವ್ಯಾಟಿಗೆ ಏರುತ್ತದೆ. 250 ವ್ಯಾಟಿಗೆಂದು ರಚಿಸಿದ ಮೋಟಾರಿನಿಂದ ಎಡೆಬಿಡದೆ ಇಷ್ಟನ್ನು ಹಿಂಡಬೇಕು! ಕಿಲೋಮೀಟರಿಗೆ ತಗಲುವ ಶಕ್ತಿ ಇಮ್ಮಡಿಯಾಗುವುದರಿಂದ ಒಮ್ಮೆ ತುಂಬಿದ ಬ್ಯಾಟರಿ ಅರ್ಧ ದಾರಿಗೇ ಮುಗಿಯುತ್ತದೆ.

ಇವೆಲ್ಲ ಹಣದ ನಷ್ಟ. ನಿಲ್ಲುವ ದೂರದ ಲೆಕ್ಕ ಬೇರೆ ಜಾತಿಯದು. ಅಡ್ಡಬಂದ ಮಗುವನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ಹಿಡಿಯುತ್ತದೆನ್ನೋಣ. ಬ್ರೇಕು ಒಳ್ಳೆಯದಾಗಿದ್ದು ಸೆಕೆಂಡಿಗೆ 4 ಮೀಟರಿನಂತೆ ವೇಗವನ್ನು ತಗ್ಗಿಸುತ್ತದೆನ್ನೋಣ. 25 ಕಿಲೋಮೀಟರಿನಿಂದ ನಿಲ್ಲಲು 13 ಮೀಟರು ಬೇಕು. 40ರಿಂದ ನಿಲ್ಲಲು 26 ಮೀಟರಿಗೂ ಹೆಚ್ಚು. ಮೊದಲನೆಯ ಬಂಡಿ ಪೂರ್ತಿ ನಿಂತುಬಿಟ್ಟ ಸ್ಥಳವನ್ನು ಎರಡನೆಯದು ಗಂಟೆಗೆ 37 ಕಿಲೋಮೀಟರು ವೇಗದಲ್ಲಿ ದಾಟುತ್ತಿರುತ್ತದೆ. ಬೈಸಿಕಲ್ಲಿನ ಕವಲುಗಳೂ ಬ್ರೇಕುಗಳೂ ಟೈರುಗಳೂ ಈ ವೇಗಕ್ಕೆಂದು ಮಾಡಿದವಲ್ಲ.

ಕಾನೂನಿನ 25 ಎಂಬ ಸಂಖ್ಯೆಯನ್ನು ಈ ಬೆಳಕಿನಲ್ಲಿ ನೋಡಬೇಕು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮೋಟಾರಿನ ಮೂವತ್ತು ನಿಮಿಷಗಳ ಸಾಮರ್ಥ್ಯ 250 ವ್ಯಾಟಿಗಿಂತಲೂ ಗರಿಷ್ಠ ವೇಗ 25 ಕಿಲೋಮೀಟರಿಗಿಂತಲೂ ಕಡಮೆಯಿದ್ದು, ಬ್ಯಾಟರಿಯನ್ನು ಬಿಟ್ಟು ತೂಕ 60 ಕಿಲೋಗ್ರಾಮನ್ನು ಮೀರದೆ, ತಕ್ಕ ಬ್ರೇಕುಗಳೂ ಬೆಳಕನ್ನು ಪ್ರತಿಫಲಿಸುವ ಸಾಧನಗಳೂ ಇರುವ ಬ್ಯಾಟರಿಯ ದ್ವಿಚಕ್ರ ಬಂಡಿ ಮೋಟಾರು ವಾಹನವೇ ಅಲ್ಲ. ಪೆಡಲಿಗೆ ನೆರವಾಗುವ ಬಂಡಿಯಲ್ಲಿ ಮೋಟಾರಿನ ನೆರವು ಕ್ರಮವಾಗಿ ಕುಗ್ಗಿ 25ರಲ್ಲಿ ನಿಂತುಹೋಗಬೇಕು. ಯುರೋಪಿನಲ್ಲಿಯೂ ಸಂಖ್ಯೆಗಳು 250 ಮತ್ತು 25 ಆಗಿಯೇ ಇವೆ. ಲೈಸೆನ್ಸು, ನೋಂದಣಿ, ವಿಮೆ ಯಾವುದೂ ಇಲ್ಲದೆ ಹೈಸ್ಕೂಲಿನ ಹುಡುಗಿಯೊಬ್ಬಳು ಇಂಥ ಬಂಡಿಯನ್ನು ಏರಿ ಹೋಗಬಹುದಾದುದು ಈ ವಿನಾಯಿತಿಯ ಬಲದಿಂದ. ಸಂಖ್ಯೆಯನ್ನು ತಿದ್ದಿದ ದಿನವೇ ಆ ವಿನಾಯಿತಿ ತಪ್ಪಿಹೋಗುತ್ತದೆ. ಬಂಡಿ ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ. ಯಾರಿಗಾದರೂ ಗಾಯವಾದರೆ ಪರಿಹಾರ ಕೊಡಲು ವಿಮೆ ಇರುವುದಿಲ್ಲ, ಹೊಣೆ ಮನೆಯವರ ತಲೆಯ ಮೇಲೆ ಬೀಳುತ್ತದೆ.

ತಿದ್ದುವ ಉದ್ದೇಶವಿಲ್ಲದೆಯೂ ಇದು ಸಂಭವಿಸಬಹುದೆಂಬುದನ್ನು ನಿಯಂತ್ರಕ ಬದಲಾಯಿಸುವವರು ತಿಳಿದಿರಬೇಕು. ಹೊಸ ಪೆಟ್ಟಿಗೆಗೆ ಚಕ್ರದ ವ್ಯಾಸವನ್ನು ನಾವೇ ಹೇಳಿಕೊಡಬೇಕಾಗುತ್ತದೆ. 26 ಅಂಗುಲದ ಚಕ್ರವಿರುವ ಬಂಡಿಯಲ್ಲಿ 20 ಎಂದು ಬರೆದಿದ್ದರೆ, ಫಲಕವು 25 ಎಂದು ತೋರಿಸುವಾಗ ನಿಜವಾದ ವೇಗ 32ಕ್ಕೂ ಮೇಲಿರಲು ಅವಕಾಶವಾಗುತ್ತದೆ. 28 ಎಂದು ಬರೆದಿದ್ದರೆ 23ರಲ್ಲಿಯೇ ಮೋಟಾರು ಕೈಬಿಟ್ಟು, ಹೊಸ ನಿಯಂತ್ರಕ ಸೋಮಾರಿಯೆಂಬ ದೂರು ಬರುತ್ತದೆ. ಪರೀಕ್ಷಿಸುವುದು ಸುಲಭ. ಟೈರಿನ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಮಾಡಿ, ಸವಾರನು ಕುಳಿತಿರುವಾಗಲೇ ಬಂಡಿಯನ್ನು ಹತ್ತು ಸುತ್ತು ಉರುಳಿಸಿ, ನೆಲದ ಮೇಲಿನ ದೂರವನ್ನು ಅಳತೆಪಟ್ಟಿಯಿಂದ ಅಳೆಯಬೇಕು. 26 ಅಂಗುಲದ ಚಕ್ರಕ್ಕೆ ಅದು 20 ಮೀಟರಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಸವಾರನ ಭಾರಕ್ಕೆ ಟೈರು ತುಸು ಚಪ್ಪಟೆಯಾಗುವುದರಿಂದ, ಪುಸ್ತಕದ ಸುತ್ತಳತೆಗಿಂತ ಹೀಗೆ ಅಳೆದುದೇ ಹೆಚ್ಚು ನಂಬಲರ್ಹವಾದುದು.