ಬಿಸಿ ತಾಗಿದರೆ ಬಾಯಿ ಬಿಡುವ ಔಷಧಿ

“ನ್ಯಾನೋ ಕಣ ಬಿಸಿ ಮಾಡಿ ಕ್ಯಾನ್ಸರ್ ವಾಸಿ ಮಾಡ್ತಾರಂತೆ, ನಿಜವೇ?” ಎಂದು ಠಾಣೆಯ ಕೇಳುಗರೊಬ್ಬರು ವಿಚಾರಿಸಿದ್ದಾರೆ. ಅವರ ಅಕ್ಕನಿಗೆ ಲಿವರ್ ಕ್ಯಾನ್ಸರ್. ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ವಿಷಯವಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಕೀಮೋ ಮಾಡಿಸಿಕೊಂಡ ಅನೇಕರಿಗೆ ಗೊತ್ತು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಗಟ್ಟಿಗ. ಆದರೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುವುದರಿಂದ ಕೂದಲು ಉದುರುತ್ತದೆ, ಪ್ರಮಾಣ ಮೀರಿದರೆ ಹೃದಯಕ್ಕೂ ಪೆಟ್ಟು. ಒಬ್ಬ ಕಳ್ಳನಿಗಾಗಿ ಇಡೀ ಚಾಳಿನ ಮೇಲೆ ಲಾಠಿ ಬೀಸಿದ ಹಾಗೆ!

ಇದನ್ನು ತಪ್ಪಿಸಲು ಔಷಧಿಯನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದರು. ಲೈಪೋಸೋಮ್ ಎಂದು ಹೆಸರು. ಗಾತ್ರ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಹತ್ತು ಸಾವಿರ ಗುಳ್ಳೆ. ಇಂಥ ಡಾಕ್ಸಿಲ್ ಔಷಧಿಗೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ದೊರೆಯಿತು.

ಆಮೇಲೆ ಬಂದದ್ದು ಶಾಖದ ಉಪಾಯ. ಚಳಿಗೆ ಹೆಪ್ಪಾದ ತುಪ್ಪ ಒಲೆಯ ಪಕ್ಕದಲ್ಲಿಟ್ಟರೆ ಕರಗುತ್ತದಲ್ಲ, ಅದೇ ಗುಣ. ಮೈಯ 37 ಡಿಗ್ರಿಯಲ್ಲಿ ಬಿಗಿಯಾಗಿದ್ದು, 40 ಡಿಗ್ರಿ ದಾಟಿದೊಡನೆ ಸೋರುವಂಥ ಗುಳ್ಳೆಯನ್ನು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದರು. ಅದೇ ಥರ್ಮೋಡಾಕ್ಸ್. ಅದನ್ನು ರಕ್ತನಾಳಕ್ಕೆ ಕೊಟ್ಟು, ಲಿವರಿನ ಗಡ್ಡೆಗೆ ಸೂಜಿ ಚುಚ್ಚಿ ರೇಡಿಯೋ ತರಂಗದಿಂದ ಕಾಯಿಸುತ್ತಾರೆ. (ಹೌದು, ನಮ್ಮ ರೇಡಿಯೋದ ದಾಯಾದಿಯೇ!) ಗಡ್ಡೆಯ ನಡುಭಾಗ ಬೆಂದು ಸಾಯುತ್ತದೆ. ಅಂಚಿನಲ್ಲಿ ಉಳಿದ ಕೋಶಗಳ ಮೇಲೆ, ಬಿಸಿ ತಾಗಿ ಬಾಯಿ ಬಿಟ್ಟ ಗುಳ್ಳೆಗಳಿಂದ ಔಷಧಿ ಸುರಿಯಬೇಕು. ಎಷ್ಟು ಚೆಂದದ ಯೋಚನೆ!

ಆದರೆ 701 ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ 2013ರಲ್ಲಿ ಬಂದಾಗ ನಿರೀಕ್ಷಿಸಿದ ಲಾಭ ಕಾಣಲಿಲ್ಲ. 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾಯಿಸಿದವರಲ್ಲಿ ಮಾತ್ರ ಏನೋ ಸುಳಿವು ಸಿಕ್ಕಿತು. ಆ ಸುಳಿವನ್ನೇ ಹಿಡಿದು 556 ಮಂದಿಯ ಮೇಲೆ ಮತ್ತೊಂದು ಪ್ರಯೋಗ ನಡೆಸಿದರು. 2020ರಲ್ಲಿ ಅದೂ ಕೈಕೊಟ್ಟಿತು.

ಚಿನ್ನದ ಕಣಗಳ ಸುದ್ದಿಯೂ ಆಗಾಗ ಬರುತ್ತದೆ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಚಿನ್ನದ ಲೇಪವಿರುವ ಕಣಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿನ 16 ಮಂದಿಯಲ್ಲಿ ಲೇಸರಿನಿಂದ ಕಾಯಿಸಿದ ವರದಿ 2019ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದದ್ದು ಶಾಖ ಮಾತ್ರ, ಔಷಧಿಯಿಲ್ಲ. ಚಿನ್ನ, ಔಷಧಿ, ಶಾಖ ಮೂರನ್ನೂ ಕೂಡಿಸುವ ಕೆಲಸ ಬಹುಪಾಲು ಇಲಿಗಳ ಮೇಲೆಯೇ ನಡೆದಿದೆ. ಪತ್ರಿಕೆಯ ತಲೆಬರಹದಲ್ಲಿ ಇಲಿ ಕಾಣಿಸುವುದಿಲ್ಲ, ಅಷ್ಟೆ.

ಠಾಣೆಯ ಮಿತ್ರರೇ, ಯಾರಾದರೂ “ನ್ಯಾನೋ ಚಿಕಿತ್ಸೆ” ಎಂದು ಹಣ ಕೇಳಿದರೆ, ಇದು ಪ್ರಯೋಗವೋ, ಒಪ್ಪಿಗೆ ಪಡೆದ ಚಿಕಿತ್ಸೆಯೋ ಎಂದು ಕೇಳಿ. ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರಲೇಬೇಕು. ಗುಳ್ಳೆಯಿಲ್ಲದೆ ಬರೀ ಸೂಜಿಯಿಂದ ಕಾಯಿಸುವ ಆರ್‌ಎಫ್‌ಎ ಚಿಕಿತ್ಸೆ ಲಿವರಿನ ಸಣ್ಣ ಗಡ್ಡೆಗಳಿಗೆ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ಅದು ಅಕ್ಕನವರಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ ನೋಡಿ.